ಉಸಿರಿನ ದಾರಿ ಕಾಯುವ ಕೈಗಳು

ಮಂಗಳೂರಿಗೆ ಆಸ್ಪತ್ರೆಗಳ ಬರವಿಲ್ಲ. 1848ರಷ್ಟು ಹಳೆಯ ವೆನ್ಲಾಕ್ ಇದೆ, ಕಂಕನಾಡಿಯ ಫಾದರ್ ಮುಲ್ಲರ್ ಇದೆ, ವೈದ್ಯಕೀಯ ಕಾಲೇಜುಗಳೇ ಹಲವಿವೆ. ಕಾಸರಗೋಡಿನಿಂದಲೂ ಶಿರಾಡಿ ಘಾಟಿಯ ಕಡೆಯಿಂದಲೂ ಗಾಯಾಳುಗಳನ್ನು ಇಲ್ಲಿಗೆ ಕರೆತರುತ್ತಾರೆ. ಆದರೆ ಮಿದುಳಿಗೆ ಅಷ್ಟು ತಾಳ್ಮೆಯಿಲ್ಲ. ಆಮ್ಲಜನಕ ಪೂರ್ತಿ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಅದಕ್ಕೆ ಹಾನಿ ಶುರು.

ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ಉಸಿರು ಕಟ್ಟಿಸುವುದು ಅನೇಕ ಸಲ ಅವರದೇ ನಾಲಿಗೆ. ಸ್ನಾಯುಗಳು ಸಡಿಲಗೊಂಡು ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಗಂಟಲು ಮುಚ್ಚುತ್ತದೆ. ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದರೆ ದಾರಿ ತೆರೆಯುತ್ತದೆ.

ಕರ್ನಾಟಕದಲ್ಲಿ 108ರ 'ಆರೋಗ್ಯ ಕವಚ' ಆರಂಭವಾದದ್ದು 2008ರ ನವೆಂಬರ್ 1ರಂದು. ಇಂಥ ವಾಹನದ ಸಿಬ್ಬಂದಿಗೆ ಮೊದಲು ಕರಗತವಾಗಬೇಕಾದ್ದು ಆಂಬು ಬ್ಯಾಗ್. ಒಬ್ಬರು ಎರಡೂ ಕೈಗಳಿಂದ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಮೆಲ್ಲನೆ ಒತ್ತಬೇಕು. ಎದೆ ಏರಿದರೆ ಸಾಕು. ಆತುರದಿಂದ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ.

ಕೊಳವೆ ಹೋದದ್ದೆಲ್ಲಿಗೆ?

ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ತೂರಿಸುವುದು ಇದಕ್ಕಿಂತ ದೊಡ್ಡ ವಿದ್ಯೆ, ಅಪಾಯವೂ ದೊಡ್ಡದು. ಅನ್ನನಾಳ ಅಲ್ಲೇ ಹಿಂದೆ ಇದೆ. ಅಮೆರಿಕದ ಒರ್ಲ್ಯಾಂಡೊದಲ್ಲಿ ಹೊರಗಡೆ ಕೊಳವೆ ಹಾಕಿಸಿಕೊಂಡು ಬಂದ 108 ಮಂದಿಯನ್ನು ಪರೀಕ್ಷಿಸಿದಾಗ 27 ಮಂದಿಯಲ್ಲಿ ಅದು ತಪ್ಪು ಜಾಗದಲ್ಲಿತ್ತು! ಈ ಅಧ್ಯಯನ ಪ್ರಕಟವಾದದ್ದು 2001ರಲ್ಲಿ. ಪರಿಹಾರವೂ ಆ ಭಾಗದಿಂದಲೇ ಬಂತು. ಹೊರಬರುವ ಉಸಿರಿನ ಇಂಗಾಲದ ಡೈ ಆಕ್ಸೈಡನ್ನು ಬಿಡದೆ ಅಳೆಯುತ್ತಿದ್ದ 93 ರೋಗಿಗಳಲ್ಲಿ ಒಂದು ತಪ್ಪೂ ಗಮನಕ್ಕೆ ಬಾರದೆ ಉಳಿದಿರಲಿಲ್ಲವೆಂದು 2005ರಲ್ಲಿ ವರದಿಯಾಯಿತು.

ಕೊಳವೆ ಹಾಕಿದರಷ್ಟೇ ಜೀವ ಉಳಿಯುತ್ತದೆಂಬುದೂ ನಿಜವಲ್ಲ. ಕ್ಯಾಲಿಫೋರ್ನಿಯಾದಲ್ಲಿ 830 ಮಕ್ಕಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಗ್‌ನಿಂದಷ್ಟೇ ಉಸಿರು ಕೊಟ್ಟವರಿಗಿಂತ ಕೊಳವೆ ಹಾಕಿದವರು ಹೆಚ್ಚು ಬದುಕಿರಲಿಲ್ಲ. ಆದ್ದರಿಂದ ತರಬೇತಿಯೆಂದರೆ ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಲ್ಲ. ಗೊಂಬೆಯ ಮೇಲೆ ಮತ್ತೆ ಮತ್ತೆ ಕೈ ಪಳಗಿಸಬೇಕು. ಸ್ಟ್ರೆಚರ್ ಅಲುಗಿದಾಗಲೆಲ್ಲ ಕೊಳವೆ ಸ್ವಸ್ಥಾನದಲ್ಲಿದೆಯೇ ಎಂದು ನೋಡಬೇಕು.

ನೀವೇನು ಮಾಡಬಹುದು?

ಮೊದಲು 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಸೋಡಾ ಹೊಯ್ಯಬೇಡಿ. ರಿಕ್ಷಾದಲ್ಲಿ ಕುಳ್ಳಿರಿಸಿ ಒಯ್ದರೆ ತಲೆ ಎದೆಗೆ ಬಾಗಿ ಉಸಿರಿನ ದಾರಿಯೇ ಮುಚ್ಚೀತು. ಉಸಿರಾಟವಿದ್ದರೆ ತಲೆ, ಕುತ್ತಿಗೆ, ಮೈ ಒಟ್ಟಿಗೇ ಹೊರಳುವಂತೆ ಮಗ್ಗುಲಾಗಿ ಮಲಗಿಸಿ. ಪೊಲೀಸ್, ಕೋರ್ಟಿನ ಭಯ ಬೇಡ; 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಅದರ ಬಾಗಿಲ ತನಕ ಉಸಿರು ಉಳಿಯಬೇಕಲ್ಲ?