ಕುಗ್ಗಲೊಲ್ಲದ ಉಗಿ

ಐದು ಅಂಗುಲ ಅಗಲದ ಹಳಿ, ಅದರ ಮೇಲೊಂದು ಕಪ್ಪು ಎಂಜಿನ್. ಉದ್ದ ಒಂದು ಮೀಟರಿನ ಆಸುಪಾಸು, ತೂಕ 50–60 ಕಿಲೋ. ಒಳಗೆ ನಿಜವಾದ ಕಲ್ಲಿದ್ದಲ ಬೆಂಕಿ, ನಿಜವಾದ ಉಗಿ. ಹಿಂದಿನ ತಗ್ಗು ಬಂಡಿಗಳ ಮೇಲೆ ಕಾಲು ಇಳಿಬಿಟ್ಟು ಕೂತ ನಾಲ್ಕಾರು ಮಂದಿಯನ್ನು ಅದು ಎಳೆದುಕೊಂಡು ಹೋಗುತ್ತದೆ. ಮನೆಯ ಹಿಂದಿನ ಷೆಡ್ಡಿನಲ್ಲಿ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಗ್ಯಾಸ್ ಟಾರ್ಚು ಇಟ್ಟುಕೊಂಡು ಸಂಜೆ ಹೊತ್ತು, ರಜೆಯ ದಿನ ಇಂಥದ್ದನ್ನು ಕಟ್ಟುವ ಹವ್ಯಾಸಿಗಳು ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದ್ದಾರೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಅವರ ಪಾಲಿನ ಪಂಚಾಂಗ.

ನೋಡುವವರು ಇದನ್ನು ಆಟಿಕೆ ಎಂದರೆ ಕಟ್ಟಿದವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಪೂರ್ತಿ ಜಂಬದ್ದಲ್ಲ. ಗಾಜಿನ ಕಪಾಟಿನಲ್ಲಿಡುವ ಮಾದರಿಗೆ ಅಸಲಿನ ಅಳತೆಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ಭಾಗಿಸಿದರೆ ಸಾಕು. ಉಗಿಯಿಂದ ಓಡುವ ಮಾದರಿಯಲ್ಲಿ ಚಕ್ರ, ಚಿಮಣಿ, ತಗಡು ಮಾತ್ರ ಹೇಳಿದಂತೆ ಕೇಳಿ ಚಿಕ್ಕದಾಗುತ್ತವೆ. ಬೆಂಕಿ, ನೀರು, ಉಗಿ ಕೇಳುವುದಿಲ್ಲ. ಹಾಗಾಗಿ ಹೊರಗಿನಿಂದ ನಕಲಿನಂತೆ ಕಾಣುವ ಎಂಜಿನ್ನು ಒಳಗಡೆ ಹೊಸದಾಗಿ ಲೆಕ್ಕಹಾಕಿ ಮಾಡಿದ ಬೇರೆಯೇ ಯಂತ್ರ.

ಎಂಟರಲ್ಲಿ ಒಂದು ಪಾಲಿನ ಮಾದರಿಯನ್ನು ತೆಗೆದುಕೊಳ್ಳಿ. ಉದ್ದ ಎಂಟರಲ್ಲೊಂದಾದರೆ ಮೇಲ್ಮೈ 64ರಲ್ಲೊಂದು, ಗಾತ್ರ ಮತ್ತು ತೂಕ 512ರಲ್ಲೊಂದು. 60 ಟನ್ನಿನ ಎಂಜಿನ್ 117 ಕಿಲೋಗೆ ಇಳಿಯುತ್ತದೆ. ಬಾಯ್ಲರಿನ ನೀರೂ 512ರಲ್ಲೊಂದಾಯಿತು, ಆದರೆ ಶಾಖವನ್ನು ಹೊರಗೆ ಬಿಡುವ ಮೈ 64ರಲ್ಲೊಂದು ಮಾತ್ರ. ಅಂದರೆ ಪ್ರತಿ ಲೀಟರ್ ನೀರಿನ ಪಾಲಿಗೆ ಎಂಟು ಪಟ್ಟು ಹೆಚ್ಚು ಮೈ. ಚಿಕ್ಕ ಎಂಜಿನ್ ಬೇಗ ತಣಿಯುತ್ತದೆ, ಬೇಗ ದಣಿಯುತ್ತದೆ. ದೊಡ್ಡದು ಕಷ್ಟ, ಚಿಕ್ಕದು ಸುಲಭ ಎಂಬ ನಮ್ಮ ಸಹಜ ಎಣಿಕೆ ಇಲ್ಲಿ ತಲೆಕೆಳಗು. ಮಾದರಿ ದೊಡ್ಡದಾದಷ್ಟೂ ಅದರ ಬೆಂಕಿ, ಉಗಿಗಳ ನಡವಳಿಕೆ ಅಸಲಿಗೆ ಹತ್ತಿರವಾಗುತ್ತ ಹೋಗುತ್ತದೆ.

ಹೊಗೆ ಹಾಯುವ ಕೊಳವೆಗಳನ್ನೇ ನೋಡಿ. ಅಸಲಿ ಬಾಯ್ಲರಿನಲ್ಲಿ ಸುಮಾರು 45–50 ಮಿಲಿಮೀಟರ್ ಅಗಲದ ಕೊಳವೆಗಳು ನೂರಾರು ಇರುತ್ತವೆ. ಎಂಟರಿಂದ ಭಾಗಿಸಿದರೆ ಆರು ಮಿಲಿಮೀಟರ್ ಬಂತು. ಅಷ್ಟು ಸಪೂರ ಕೊಳವೆ ಸ್ವಲ್ಪ ಹೊತ್ತಿಗೇ ಮಸಿಯಿಂದ ಕಟ್ಟಿಕೊಳ್ಳುತ್ತದೆ, ಗಾಳಿಯ ಸೆಳೆತವೂ ನಿಂತುಹೋಗುತ್ತದೆ. ಆದ್ದರಿಂದ ಮಾದರಿಯಲ್ಲಿ ಕೊಳವೆಗಳ ಸಂಖ್ಯೆ ಇಪ್ಪತ್ತೋ ಮೂವತ್ತೋ, ಅಗಲ ಮಾತ್ರ ಹೆಚ್ಚು. ಕೊಳವೆಯ ಉದ್ದವನ್ನು ಅದರ ಒಳ ಅಗಲದ ವರ್ಗದಿಂದ ಭಾಗಿಸಿದರೆ, ಅಂಗುಲದ ಲೆಕ್ಕದಲ್ಲಿ, 50ರಿಂದ 70ರ ನಡುವೆ ಬರಬೇಕು ಎಂಬುದು ಹಳಬರು ರೂಢಿಯಿಂದ ಕಂಡುಕೊಂಡ ಸೂತ್ರ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯದು ಇನ್ನೊಂದು ತಕರಾರು. ತೀರ ಸಪೂರವಾದರೆ ನೀರು ತಾನಾಗಿ ಗಾಜಿಗೆ ಅಂಟಿ ಮೇಲೇರಿ ಸುಳ್ಳು ಮಟ್ಟ ತೋರಿಸುತ್ತದೆ. ಬಾಯ್ಲರಿನಲ್ಲಿ ನೀರು ಸಾಕಷ್ಟಿದೆ ಎಂಬ ಸುಳ್ಳಿಗಿಂತ ಅಪಾಯದ ಸುಳ್ಳು ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಇದನ್ನೆಲ್ಲ ಜನಕ್ಕೆ ಮನಗಾಣಿಸಿದ್ದು ಒಂದು ಜಗಳ. 1920ರ ದಶಕದ ಮೊದಲ ವರ್ಷಗಳಲ್ಲಿ ಮಾದರಿ ರೈಲುಗಳ ಪ್ರಸಿದ್ಧ ವಿನ್ಯಾಸಕಾರ ಹೆನ್ರಿ ಗ್ರೀನ್ಲಿ, ಚಿಕ್ಕ ಎಂಜಿನ್ನಿಗೆ ಸ್ಪಿರಿಟ್ ದೀಪ ಉರಿಸುವ ನೀರ್‌ಕೊಳವೆ ಬಾಯ್ಲರೇ ಸರಿ ಎನ್ನುತ್ತಿದ್ದರು. ‘ಎಲ್‌ಬಿಎಸ್‌ಸಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್ ಅದನ್ನು ಒಪ್ಪಲಿಲ್ಲ. ಆ ನಾಲ್ಕಕ್ಷರ ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯದು. ಅವರು ಎರಡೂವರೆ ಅಂಗುಲದ ಹಳಿಗೆ ಕಟ್ಟಿದ್ದ ‘ಆಯೇಷಾ’ ಎಂಬ ಎಂಜಿನ್ನಿನಲ್ಲಿ ಅಸಲಿಯಂತೆಯೇ ಕಲ್ಲಿದ್ದಲ ಬೆಂಕಿ, ಹೊಗೆಕೊಳವೆಯ ಬಾಯ್ಲರು. ಹಿಂದೆ ಬಂಡಿಯಲ್ಲಿ ಕೂತವರನ್ನು ಅದು ಎಳೆಯುತ್ತದೆ ಎಂದರೆ ಹಲವರು ನಂಬಲಿಲ್ಲ. ಪತ್ರಿಕೆಯ ಪುಟಗಳಲ್ಲಿ ವಾಗ್ವಾದ ನಡೆದು, ಅದಕ್ಕೆ ‘ಬಾಯ್ಲರುಗಳ ಕದನ’ ಎಂದೇ ಹೆಸರು ಬಿತ್ತು. 1924ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಆಯೇಷಾ ಜನರೆದುರು ಓಡಿತು, ವಾದ ಮುಗಿಯಿತು. ಅಲ್ಲಿಂದ ಮುಂದೆ ಹಲವು ದಶಕ ಲಾರೆನ್ಸ್ ಬರೆದ ಲೇಖನಗಳನ್ನು ಎದುರಿಟ್ಟುಕೊಂಡು, ಲೇತನ್ನೇ ಮುಟ್ಟಿರದ ಗುಮಾಸ್ತರೂ ಅಂಗಡಿಯವರೂ ಎಂಜಿನ್ ಕಟ್ಟಿದರು. ಹೊಸಬರಿಗೆಂದೇ ಅವರು ರೂಪಿಸಿದ ‘ಟಿಚ್’ ಎಂಬ ನಾಲ್ಕು ಚಕ್ರದ ಪುಟ್ಟ ಎಂಜಿನ್ನನ್ನು ಜನ ಇಂದಿಗೂ ಕಟ್ಟುತ್ತಾರೆ.

ಯಾವ ಹಳಿ ಆರಿಸಬೇಕು? ಮೂರೂವರೆ, ಐದು, ಏಳೂಕಾಲು ಅಂಗುಲ ಇವು ರೂಢಿಯ ಅಳತೆಗಳು. ಏಳೂಕಾಲಿನ ಎಂಜಿನ್ ಉದಾರವಾಗಿ ಓಡುತ್ತದೆ, ಆದರೆ ಅದನ್ನು ಮೇಜಿನಿಂದ ಇಳಿಸಲು ಚೈನ್ ಪುಲ್ಲಿ ಬೇಕು. ಐದು ಅಂಗುಲದ್ದನ್ನು ಇಬ್ಬರು ಎತ್ತಬಹುದು. ಜಾಣತನವಿರುವುದು ಮಾತ್ರ ಯಾವ ಅಸಲನ್ನು ಮಾದರಿಯಾಗಿಟ್ಟುಕೊಳ್ಳುತ್ತೀರಿ ಎಂಬುದರಲ್ಲಿ. ನಮ್ಮ ಬ್ರಾಡ್‌ಗೇಜ್ ಎಂಜಿನ್ನನ್ನು ಐದು ಅಂಗುಲದ ಹಳಿಗೆ ತಂದರೆ ಅದು ಸುಮಾರು 13ರಲ್ಲಿ ಒಂದು ಪಾಲಾಗುತ್ತದೆ. ಮೀಟರ್‌ಗೇಜಿನದು ಎಂಟರಲ್ಲಿ ಒಂದು. ಒಂದು ಕಾಲಕ್ಕೆ ಚಿಕ್ಕಬಳ್ಳಾಪುರ–ಕೋಲಾರದ ಕಡೆ ಇದ್ದ ಎರಡೂವರೆ ಅಡಿ ಹಳಿಯ ಎಂಜಿನ್ನಾದರೆ ಸರಿಯಾಗಿ ಆರರಲ್ಲಿ ಒಂದು. ಹಳಿ ಅದೇ, ಷೆಡ್ಡು ಅದೇ. ಆದರೆ ಬಾಯ್ಲರು ದೊಡ್ಡದು, ಬಿಡಿಭಾಗಗಳು ದಪ್ಪ, ಕೈ ಹಾಕಲು ಜಾಗ. ಉದ್ದನೆಯ ಎಕ್ಸ್‌ಪ್ರೆಸ್ ಎಂಜಿನ್ನಿನ ಚಂದಕ್ಕೆ ಮನಸೋತು ಅದರಿಂದಲೇ ಆರಂಭಿಸುವವರ ಷೆಡ್ಡುಗಳಲ್ಲಿ ಚಾಸಿ ಹಂತಕ್ಕೇ ನಿಂತ ಎಂಜಿನ್ನುಗಳು ತುಕ್ಕು ಹಿಡಿದು ಕೂತಿರುತ್ತವೆ.

ಕೆಲಸ ಶುರುವಾಗುವುದು ಅಡಿಯಿಂದ. ಉಕ್ಕಿನ ಎರಡು ತಟ್ಟೆಗಳನ್ನು ಒಟ್ಟಿಗೆ ಬೋಲ್ಟು ಹಾಕಿ ತೂತು ಕೊರೆಯುತ್ತಾರೆ, ಎಡಬಲ ತಾಳೆಯಾಗಲೆಂದು. ಎರಕದ ಚಕ್ರಗಳನ್ನು ಲೇತಿನಲ್ಲಿ ತಿರುವಿ ಅಚ್ಚಿಗೆ ಹೊಂದಿಸುವಾಗ ಒಂದು ಕಡೆಯ ಕ್ರ್ಯಾಂಕು ಇನ್ನೊಂದು ಕಡೆಯದಕ್ಕೆ 90 ಡಿಗ್ರಿಯಲ್ಲಿರಬೇಕು. ಒಂದು ಪಿಸ್ಟನ್ ತನ್ನ ದಾರಿಯ ಕೊನೆ ಮುಟ್ಟಿ ತಳ್ಳಲಾರದೆ ನಿಂತಾಗ ಇನ್ನೊಂದು ಪೂರ್ತಿ ಬಲದಲ್ಲಿರುತ್ತದೆ. ಇಲ್ಲದಿದ್ದರೆ ಎಂಜಿನ್ ಕೆಲವು ಕಡೆ ನಿಂತು ಹೊರಡಲೇ ಒಲ್ಲದು. ಗಮನಿಸಿ, ಇಲ್ಲಿ ನಿಖರವಾಗಿ 90 ಆಗಿರುವುದಕ್ಕಿಂತ ಎಲ್ಲ ಅಚ್ಚುಗಳಲ್ಲೂ ಒಂದೇ ಆಗಿರುವುದು ಮುಖ್ಯ. ಒಂದು ಅಚ್ಚು ಒಂದು ಡಿಗ್ರಿ ಓರೆಯಾದರೂ ಜೋಡಿಸುವ ರಾಡುಗಳು ಬಿಗಿಹಿಡಿಯುತ್ತವೆ. ಸಿಲಿಂಡರಿಗೆ ಯಾವಾಗ, ಎಷ್ಟು ಉಗಿ ಎಂದು ನಿರ್ಧರಿಸುವ ವಾಲ್ವ್ ಗೇರಿಗೆ ಬೆಲ್ಜಿಯಮ್ಮಿನ ವಾಲ್‌ಶಾರ್ಟ್ಸ್ 1844ರಲ್ಲಿ ರೂಪಿಸಿದ ಏರ್ಪಾಡೇ ಹಲವರಿಗೆ ಇಷ್ಟ. ಎಲ್ಲ ಚಕ್ರದ ಹೊರಗೇ ಇರುವುದರಿಂದ ಕಾಣುತ್ತದೆ, ಕೈಗೂ ಎಟುಕುತ್ತದೆ. ಚಾಸಿ ಮುಗಿದ ದಿನ ಕಂಪ್ರೆಸರಿನ ಗಾಳಿ ಕೊಟ್ಟು ಓಡಿಸುತ್ತಾರೆ. ಪೀಣ್ಯದ ಟರ್ನಿಂಗ್ ಅಂಗಡಿಗಳನ್ನೂ ಬೆಳಗಾವಿಯ ಫೌಂಡ್ರಿಗಳನ್ನೂ ಬಲ್ಲ ಕನ್ನಡಿಗರಿಗೆ ಇಷ್ಟರವರೆಗೆ ಹೊಸದೇನೂ ಇಲ್ಲ. ಪ್ಯಾಟರ್ನ್ ಮಾಡಿಕೊಟ್ಟರೆ ಚಕ್ರ ಎರಕವಾಗಿ ಬರುತ್ತದೆ.

ಎದೆ ಢವಗುಟ್ಟುವುದು ಬಾಯ್ಲರಿನ ಹತ್ತಿರ. ಮನೆಯ ಪ್ರೆಶರ್ ಕುಕ್ಕರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡದಲ್ಲಿ ಸೀಟಿ ಹಾಕುತ್ತದೆ. ಈ ಬಾಯ್ಲರುಗಳು ಕೆಲಸ ಮಾಡುವುದು ಆರು, ಏಳು ಕಿಲೋದಲ್ಲಿ. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 165 ಡಿಗ್ರಿ ಸೆಲ್ಸಿಯಸ್ಸಿಗೆ. ಒಳಗಿರುವುದು ನಾಲ್ಕು ಲೀಟರೆಂದೇ ಇಟ್ಟುಕೊಳ್ಳಿ. ಬಾಯ್ಲರು ಸೀಳಿದರೆ ಅದರಲ್ಲಿ ಅರ್ಧ ಲೀಟರಿನಷ್ಟು ಆ ಗಳಿಗೆಯಲ್ಲೇ ಉಗಿಯಾಗಿ, 800 ಲೀಟರಿನಷ್ಟು ಜಾಗ ಬೇಡುತ್ತ ಹೊರಬೀಳುತ್ತದೆ.

ದುಂಡನೆಯ ಪೀಪಾಯಿ ಒತ್ತಡವನ್ನು ತಾನೇ ತಾಳಿಕೊಳ್ಳುತ್ತದೆ. ತೊಂದರೆ ಇರುವುದು ಬೆಂಕಿ ಉರಿಯುವ ಫೈರ್‌ಬಾಕ್ಸಿನ ಚಪ್ಪಟೆ ಗೋಡೆಗಳದ್ದು. ಹತ್ತು ಸೆಂಟಿಮೀಟರಿಗೆ ಹನ್ನೆರಡು ಸೆಂಟಿಮೀಟರಿನ ಒಂದು ತಟ್ಟೆಯ ಮೇಲೆ ಆರು ಕಿಲೋ ಒತ್ತಡವೆಂದರೆ ಒಟ್ಟು 720 ಕಿಲೋ ಭಾರ. ಅದು ಉಬ್ಬದಂತೆ ಒಳಗೋಡೆ, ಹೊರಗೋಡೆಗಳನ್ನು ಸ್ಟೇ ಎಂಬ ತಾಮ್ರದ ಕಡ್ಡಿಗಳ ಸಾಲಿನಿಂದ ಹಿಡಿದು ಕಟ್ಟುತ್ತಾರೆ. ಮೂರು ಮಿಲಿಮೀಟರ್ ದಪ್ಪದ ತಾಮ್ರದ ತಟ್ಟೆಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿ, ಮೆತ್ತಗಾದ ಮೇಲೆ ಅಚ್ಚಿನ ಸುತ್ತ ಬಡಿದು ಅಂಚು ಮಡಿಸಬೇಕು. ನಾಲ್ಕು ಪೆಟ್ಟಿಗೆ ಮತ್ತೆ ಗಡುಸಾಗುತ್ತದೆ, ಮತ್ತೆ ಕಾಯಿಸಬೇಕು. ಹಂಡೆ ಬಡಿಯುವ ಕಂಚುಗಾರರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ ಇದು.

ಬೆಸುಗೆಗೆ ಮಾತ್ರ ಬೆಳ್ಳಿಯೇ ಆಗಬೇಕು. ರೇಡಿಯೋ ರಿಪೇರಿಯ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಉಗಿಯ 165 ಡಿಗ್ರಿಗೂ ಅದಕ್ಕೂ ಬರೀ 18 ಡಿಗ್ರಿ ಅಂತರ, ನೀರು ಸ್ವಲ್ಪ ಕಡಿಮೆಯಾದರೆ ಅದೂ ಇಲ್ಲ. ಬೆಳ್ಳಿಬೆಸುಗೆ ಕರಗಲು 600 ಡಿಗ್ರಿ ದಾಟಬೇಕು. ಕೂದಲೆಳೆಯಷ್ಟು ಸಂದಿಯಿದ್ದರೆ ಅದು ತಾನಾಗಿ ಹರಿದು ಒಳಗೆ ತುಂಬಿಕೊಳ್ಳುತ್ತದೆ. ಕಷ್ಟವೆಂದರೆ ತಾಮ್ರ ಶಾಖವನ್ನು ಒಂದೆಡೆ ನಿಲ್ಲಗೊಡುವುದಿಲ್ಲ. ಒಂದು ಮೂಲೆ ಬೆಸೆಯಲು ಇಡೀ ಬಾಯ್ಲರನ್ನೇ ಕೆಂಪಾಗುವವರೆಗೆ ಕಾಯಿಸಬೇಕು. ಒಬ್ಬರಿಂದಾಗದ ಕೆಲಸ. ದೊಡ್ಡ ಟಾರ್ಚು ಹಿಡಿಯಲು ಇನ್ನೊಬ್ಬರು, ಅದೂ ಗಾಬರಿಯಾಗದವರು, ಬೇಕು.

ಮುಗಿದ ಬಾಯ್ಲರಿನ ತುಂಬ ತಣ್ಣೀರು ತುಂಬಿ, ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡು, ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿ ಹಿಡಿಯುವುದು ಬ್ರಿಟನ್ನಿನ ಕ್ಲಬ್ಬುಗಳ ನಿಯಮ. ನೀರನ್ನು ಅದುಮಿ ಕುಗ್ಗಿಸಲಾಗದು. ಆದ್ದರಿಂದ ಬೆಸುಗೆ ಬಿಟ್ಟರೂ ಒಂದು ಚಿಲುಮೆ ಹಾರಿ ಒತ್ತಡ ಇಳಿಯುತ್ತದೆ, ಅಷ್ಟೆ. ಗಾಳಿಯಿಂದ ಪರೀಕ್ಷಿಸಿದರೆ ಅದೇ ತಪ್ಪು ಬಾಂಬಾಗುತ್ತದೆ. ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಕಡಿಮೆ ಹಿಡಿಸುವ ಪಾತ್ರೆಯನ್ನು ಬಾಯ್ಲರೆಂದೇ ಎಣಿಸುವುದಿಲ್ಲ. ಕಾನೂನು ಬಿಟ್ಟಿತೆಂದು ಉಗಿ ಬಿಡುವುದಿಲ್ಲವಾದ್ದರಿಂದ, ನೋಡಲು ಇನ್‌ಸ್ಪೆಕ್ಟರ್ ಬಾರದ ಕಡೆಯೇ ಈ ಪರೀಕ್ಷೆ ಹೆಚ್ಚು ಕಟ್ಟುನಿಟ್ಟಾಗಿರಬೇಕು ಎಂದು ನನ್ನ ಅಭಿಪ್ರಾಯ.

ಮನೆಯಂಗಳದ ಉಗಿಬಂಡಿಗಳಲ್ಲಿ ಅತ್ಯಂತ ಹೆಸರಾದದ್ದು ಅಮೆರಿಕದ್ದು. ವಾಲ್ಟ್ ಡಿಸ್ನಿ 1950ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯ ಸುತ್ತ ಏಳೂಕಾಲು ಅಂಗುಲದ ಹಳಿ ಹಾಕಿಸಿದರು, ಸುಮಾರು ಅರ್ಧ ಮೈಲಿ. ಎಂಟರಲ್ಲೊಂದು ಅಳತೆಯ ಎಂಜಿನ್ನನ್ನು ಹೆಂಡತಿ ಲಿಲಿಯನ್ ಹೆಸರಿನಿಂದ ‘ಲಿಲಿ ಬೆಲ್’ ಎಂದು ಕರೆದರು. ಆಕೆಯ ಹೂದೋಟ ಕೆಡದಿರಲೆಂದು ಅದರಡಿ ಸುರಂಗ ತೋಡಿಸಿ, ಹಳಿಯ ಹಕ್ಕಿನ ಬಗ್ಗೆ ಗಂಡಹೆಂಡತಿ ನಡುವೆ ಕರಾರುಪತ್ರವನ್ನೂ ಬರೆಸಿದರು. ಎಂಜಿನ್ನಿನ ಹೆಚ್ಚಿನ ಕೆಲಸ ನಡೆದದ್ದು ಸ್ಟುಡಿಯೋದ ವರ್ಕ್‌ಷಾಪಿನಲ್ಲಿ, ರೋಜರ್ ಬ್ರೋಗಿಯ ಕೈಕೆಳಗೆ. ಡಿಸ್ನಿಯೂ ಅಲ್ಲೇ ಲೇತು ಕಲಿತು ಕೆಲವು ಭಾಗ ಮಾಡಿದರು. 1953ರಲ್ಲಿ ಅತಿಥಿಯೊಬ್ಬ ತಿರುವಿನಲ್ಲಿ ವೇಗ ಹೆಚ್ಚಿಸಿ ಎಂಜಿನ್ ಮಗುಚಿ, ಉಗಿ ತಾಗಿ ಪುಟ್ಟ ಹುಡುಗಿಗೆ ಸುಟ್ಟಗಾಯವಾಯಿತು. ಡಿಸ್ನಿ ಹಳಿ ಮುಚ್ಚಿಬಿಟ್ಟರು. ಎರಡು ವರ್ಷಕ್ಕೆ ತೆರೆದ ಡಿಸ್ನಿಲ್ಯಾಂಡಿನ ಸುತ್ತಲೂ ಉಗಿರೈಲೇ ಓಡಿತೆನ್ನಿ, ಆದರೆ ಕೆಲಸ ಬಲ್ಲ ಚಾಲಕರ ಕೈಯಲ್ಲಿ.

ಓಡಿಸುವುದು ಕಟ್ಟುವುದಕ್ಕಿಂತ ಬೇರೆಯ ವಿದ್ಯೆ. ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು, ಚಿಮಣಿಯ ಬಾಯಿಗೊಂದು ಪುಟ್ಟ ಕರೆಂಟು ಫ್ಯಾನು. ಆಮೇಲೆ ಚೂರು ಕಲ್ಲಿದ್ದಲು. ಓಡತೊಡಗಿದ ಮೇಲೆ ಸಿಲಿಂಡರಿನಿಂದ ಹೊರಬಿದ್ದ ಉಗಿ ಚಿಮಣಿಯಲ್ಲಿ ನುಗ್ಗಿ ತಾನೇ ಬೆಂಕಿಗೆ ಗಾಳಿ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಬೆಂಕಿ ಹೆಚ್ಚು. ನಿಂತಾಗ ಆ ಗಾಳಿ ಇಲ್ಲ, ಬಾಯ್ಲರಿನಿಂದ ನೇರ ಚಿಮಣಿಗೆ ಉಗಿ ಬಿಡುವ ಬ್ಲೋಯರ್ ತೆರೆಯಬೇಕು. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರು ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಕಂಡುಹಿಡಿದದ್ದು. ಮಾದರಿಯಲ್ಲಿ ಅದರೊಳಗಿನ ತೂತು ಒಂದು ಮಿಲಿಮೀಟರಿನ ಆಸುಪಾಸು. ಮರಳಿನ ಒಂದು ಕಣ ಸಾಕು ಮುನಿಸಿಕೊಳ್ಳಲು. ನೀರು ಬೆಚ್ಚಗಾದರೂ ಕೆಲಸ ಮಾಡದು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಓಡಿಸುವವರು ಟ್ಯಾಂಕಿಗೆ ಐಸು ಹಾಕಬೇಕಾದೀತು. ಆದ್ದರಿಂದ ಕೈಪಂಪು ಒಂದಿರಲೇಬೇಕು.

ಓಟ ಮುಗಿದ ಮೇಲೆ ಬೆಂಕಿ ಕೆಡವಿ, ಒತ್ತಡ ಇಳಿಯಲು ಬಿಟ್ಟು, ಬಾಯ್ಲರ್ ಇನ್ನೂ ಬೆಚ್ಚಗಿರುವಾಗಲೇ ಕೊಳವೆಗಳಿಗೆ ಬ್ರಷ್ ಹಾಕಬೇಕು. ಮಸಿಗೆ ತೇವ ಸೇರಿದರೆ ಗಂಧಕಾಮ್ಲವಾಗಿ ಲೋಹವನ್ನು ತಿನ್ನುತ್ತದೆ. ದಣಿದ ಸಂಜೆ ಈ ಅರ್ಧ ಗಂಟೆಯ ಕೊಳೆ ಕೆಲಸ ಯಾರಿಗೂ ಬೇಡ. ಮುಂದಿನ ಸಲ ಒತ್ತಡ ಏರದೆ ಎಂಜಿನ್ ನಿಂತಲ್ಲೇ ನಿಂತಾಗ ಬೈಗುಳ ಮಾತ್ರ ಕಲ್ಲಿದ್ದಲು ಮಾರಿದವನಿಗೆ.