ಸೂಜಿಗೆ ಬೆಚ್ಚುವ ಕುದುರೆ

ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲಾಯದಲ್ಲಿರಲಿ, ಮದುವೆಯ ಮೆರವಣಿಗೆಗೆ ಬರಲಿ, ಮುಂಬೈಯ ಯಾವ ಕುದುರೆಗೂ ಸೂಜಿ ತಪ್ಪಿದ್ದಲ್ಲ. ಧನುರ್ವಾಯುವಿನ ಲಸಿಕೆ, ಗ್ಲ್ಯಾಂಡರ್ಸ್ ರೋಗದ ಪರೀಕ್ಷೆಗೆ ರಕ್ತ, ಗಾಯವಾದರೆ ಆ್ಯಂಟಿಬಯಾಟಿಕ್. ನಾನೂರು ಐನೂರು ಕಿಲೋ ತೂಗುವ ಪ್ರಾಣಿ ಗಾಬರಿಯಿಂದ ಹಿಂಗಾಲ ಮೇಲೆದ್ದರೆ ವೈದ್ಯರಿಗೂ ಅದನ್ನು ನೋಡಿಕೊಳ್ಳುವ ಸೈಸನಿಗೂ ಅಪಾಯ. ಚಿಕಿತ್ಸೆಯೇ ತಪ್ಪಿದರೆ ಕುದುರೆಗೆ ಇನ್ನೂ ದೊಡ್ಡ ಅಪಾಯ.

ಈ ಭಯ ಬಹುಪಾಲು ಕಲಿತು ಬಂದದ್ದು. ನೊಣ ಕೂತರೂ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಕುದುರೆಗೆ ಸೂಜಿಯ ನೋವು ಗೊತ್ತಾಗದೆ ಇರುವುದಿಲ್ಲ. ಆದರೆ ಅದರ ನೆನಪಿನಲ್ಲಿ ಉಳಿಯುವುದು ನೋವೊಂದೇ ಅಲ್ಲ. ಸ್ಪಿರಿಟ್ ವಾಸನೆ, ಹಗ್ಗ ಬಿಗಿಹಿಡಿದ ಸೈಸ್, ಕತ್ತಿನ ಮೇಲೆ ಬಿದ್ದ ಅಪರಿಚಿತ ಕೈ, ಎಲ್ಲವೂ ಉಳಿಯುತ್ತವೆ. ಮುಂದಿನ ಸಲ ವಾಸನೆ ಬಂದೊಡನೆ ತಲೆ ಮೇಲೇಳುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಕತ್ತು ಸೆಟೆಯುತ್ತದೆ. ಬಿಗಿದ ಸ್ನಾಯುವಿಗೆ ಚುಚ್ಚಿದರೆ ನೋವೂ ಹೆಚ್ಚು. ಇದರ ಜೊತೆಗೆ, ಕುದುರೆ ಕೊಸರಿದಾಗಲೆಲ್ಲ ನಾವು ಕೈ ಹಿಂತೆಗೆಯುತ್ತೇವೆ. ಕೊಸರಿದರೆ ಸೂಜಿ ದೂರವಾಗುತ್ತದೆ ಎಂಬ ಪಾಠವನ್ನು ಅದು ಬಲುಬೇಗ ಕಲಿಯುತ್ತದೆ.

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಾವಿನ ಪ್ರತಿವಿಷ ತಯಾರಾಗುವುದೂ ಕುದುರೆಯ ರಕ್ತದಿಂದಲೇ. ಅಂಥ ಕುದುರೆಗೆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮತ್ತೆ ಮತ್ತೆ ಚುಚ್ಚಿ, ಆಮೇಲೆ ರಕ್ತ ತೆಗೆಯುತ್ತಾರೆ. ನಮ್ಮ ಜೀವ ಉಳಿಸಲು ಇಷ್ಟು ಸೂಜಿ ಸಹಿಸುವ ಪ್ರಾಣಿಗೆ ಭಯವಿಲ್ಲದೆ ನಿಲ್ಲುವುದನ್ನು ಕಲಿಸುವುದು ನಮ್ಮ ಋಣ ಎಂದೇ ನಾನು ತಿಳಿದಿದ್ದೇನೆ.

ಕಲಿಸುವ ಕೆಲಸವೆಲ್ಲ ನಡೆಯಬೇಕಾದದ್ದು ಸೂಜಿಯಿಲ್ಲದ ದಿನಗಳಲ್ಲಿ. ಮೊದಲು ಹೆಗಲ ಮೇಲೆ, ಜೂಲು ಮುಗಿಯುವಲ್ಲಿ ಕೆರೆಯಿರಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಅಲ್ಲಿಂದ ನಿಧಾನವಾಗಿ ಕತ್ತಿನ ಮಧ್ಯಕ್ಕೆ ಕೈ ತನ್ನಿ. ಕುದುರೆ ಅಲುಗಿದರೆ ಕೈ ತೆಗೆಯಬೇಡಿ, ಒತ್ತಡವನ್ನೂ ಹೆಚ್ಚಿಸಬೇಡಿ, ಅದರ ಜೊತೆಗೇ ಸಾಗಿ. ನಿಂತ ಕ್ಷಣವೇ ಕೈ ತೆಗೆದು ಒಂದು ತುಂಡು ಕ್ಯಾರೆಟ್ ಕೊಡಿ. ಬೆಲ್ಲವೂ ಆದೀತು, ಆದರೆ ಬೊಜ್ಜು ಬಂದ ಅಥವಾ ಗೊರಸಿನ ಉರಿಯೂತವಿದ್ದ ಕುದುರೆಗೆ ಸಿಹಿ ಬೇಡ. ಕೊಡುವ ಹೊತ್ತು ಮುಖ್ಯ. ತಡವಾಗಿ ಕೊಟ್ಟರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ.

ಇದು ಸಲೀಸಾದ ಮೇಲೆ ಚರ್ಮವನ್ನು ಚಿವುಟಿ ಹಿಡಿಯುವುದು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಸೂಜಿಯಿಲ್ಲದ ಸಿರಿಂಜ್ ಒತ್ತುವುದು. ದಿನಕ್ಕೆ ಐದು ಹತ್ತು ನಿಮಿಷ ಸಾಕು. ತಲೆ ಇಳಿಯದೆ, ಕಣ್ಣು ಮೃದುವಾಗದೆ ಮುಂದಿನ ಹಂತಕ್ಕೆ ಹೋಗಬಾರದು. ಅವಸರ ಮಾಡಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕೊನೆಕೊನೆಗೆ ಪರಿಚಯವಿಲ್ಲದ ಒಬ್ಬರಿಂದಲೂ ಇದನ್ನೇ ಮಾಡಿಸಿ. ಸೈಸನ ಕೈಗೆ ಒಗ್ಗಿದ ಕುದುರೆ ವೈದ್ಯರ ಕೈಗೂ ಒಗ್ಗಿದೆ ಎನ್ನಲಾಗದು.

ನಿಜವಾದ ಇಂಜೆಕ್ಷನ್ ದಿನ ಕುದುರೆಯನ್ನು ಕಂಬಕ್ಕೆ ಬಿಗಿಯಬೇಡಿ. ಹಗ್ಗ ಹಿಡಿದವರು, ವೈದ್ಯರು ಇಬ್ಬರೂ ಒಂದೇ ಬದಿಯಲ್ಲಿ, ಹೆಗಲ ಹತ್ತಿರ ನಿಲ್ಲಬೇಕು. ಆಗ ಹಗ್ಗ ಹಿಡಿದವರು ತಲೆಯನ್ನು ತಮ್ಮತ್ತ ಎಳೆದರೆ ಹಿಂಭಾಗ ಇಬ್ಬರಿಂದಲೂ ದೂರ ಸರಿಯುತ್ತದೆ. ಪ್ರತಿ ಸಲವೂ ಹೊಸ ಸೂಜಿ ಬೇಕು, ಮೊಂಡಾದದ್ದು ಹೆಚ್ಚು ನೋಯಿಸುತ್ತದೆ. ಹಿಡಿದು ನಿಲ್ಲಿಸಲು ಕಿವಿ ತಿರುಚುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದಾದ ಮೇಲೆ ಕುದುರೆ ತಲೆ ಮುಟ್ಟಲೂ ಬಿಡುವುದಿಲ್ಲ, ಲಗಾಮು ಹಾಕುವುದೂ ಕಷ್ಟವಾಗುತ್ತದೆ. ಭಯ ವಿಪರೀತವಿದ್ದು ಚಿಕಿತ್ಸೆ ತುರ್ತಾಗಿದ್ದರೆ ಮಂಪರಿನ ಔಷಧದ ನಿರ್ಧಾರ ವೈದ್ಯರದ್ದು.

ಚುಚ್ಚಿದ ಮೇಲೂ ವೈದ್ಯರು ತಟ್ಟನೆ ಹೊರಡದೆ ಕೊಂಚ ಹೊತ್ತು ಹೆಗಲು ಕೆರೆಯುತ್ತ ನಿಂತರೆ ಒಳ್ಳೆಯದು. ಕತ್ತಿನಲ್ಲಿ ಬಾವು, ನೋವು ಇಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಖಾಲಿ ಸಿರಿಂಜಿನ ಅಭ್ಯಾಸವನ್ನು ಮತ್ತೆ ಮುಂದುವರಿಸಬಹುದು.