ಗ್ರೀಕ್ ಅಕ್ಷರಸಂಘಗಳ ಸದಸ್ಯತ್ವದಲ್ಲಿ ಕಾಲವಿಚಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ ಗ್ರೀಕ್ ವರ್ಣಮಾಲೆಯ ಎರಡು ಮೂರು ಅಕ್ಷರಗಳನ್ನೇ ಹೆಸರಾಗಿ ಉಳ್ಳ ವಿದ್ಯಾರ್ಥಿಸಂಘಗಳು ಬಹುಕಾಲದಿಂದ ನಡೆದುಬಂದಿವೆ. ಗಂಡಸರವು ಫ್ರಟರ್ನಿಟಿಗಳು, ಹೆಂಗಸರವು ಸೊರಾರಿಟಿಗಳು. ಇವುಗಳನ್ನು ಸೇರಿ, ವಿದ್ಯಾಭ್ಯಾಸವನ್ನು ಮುಗಿಸಿ, ಉದ್ಯೋಗ ಸಂಸಾರಗಳಲ್ಲಿ ನೆಲೆಸಿದವರು ತಮ್ಮ ಸದಸ್ಯತ್ವವನ್ನು ಕುರಿತು ಮಾತನಾಡುವಾಗ ಯಾವ ಕಾಲದ ಕ್ರಿಯಾಪದವನ್ನು ಬಳಸತಕ್ಕದ್ದೆಂಬುದು ಅಲ್ಲಿ ಒಂದು ಸಣ್ಣ ವಿವಾದವಾಗಿದೆ. ಮೂವತ್ತು ವರ್ಷಗಳ ಹಿಂದೆ ಪದವಿ ಪಡೆದ ಮಹಿಳೆಯೊಬ್ಬರನ್ನು "ತಾವು ಕಾಲೇಜಿನಲ್ಲಿ ಥೀಟಾ ಆಗಿದ್ದಿರಾ?" ಎಂದು ಕೇಳಿದರೆ "ಆಗಿದ್ದೆನಲ್ಲ, ಆಗಿದ್ದೇನೆ" ಎಂದು ತಿದ್ದುವುದು ಆ ವಲಯದಲ್ಲಿ ಎಲ್ಲರಿಗೂ ಪರಿಚಿತವಾದ ಪ್ರಸಂಗ. ಪ್ರಶ್ನೆಯಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೂ ಕೇಳಿದವರು ತಪ್ಪಿತಸ್ಥರಾಗುತ್ತಾರೆ. ಇದರ ಕಾರಣವು ವಿಚಾರಾರ್ಹವಾಗಿದೆ.

ಮೊದಲು ಹೆಸರುಗಳ ಮಾತು. 1776ನೆಯ ಡಿಸೆಂಬರಿನಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕ್ಯಾಪ್ಪ ಎಂಬುದು ಈ ಬಗೆಯ ಸಂಘಗಳಿಗೆಲ್ಲ ಮೂಲಮಾದರಿ. ಜ್ಞಾನಪ್ರೀತಿಯೇ ಬಾಳಿಗೆ ಕರ್ಣಧಾರ ಎಂಬ ಅರ್ಥದ ಮೂರು ಗ್ರೀಕ್ ಪದಗಳ ಆದ್ಯಕ್ಷರಗಳೇ ಅದರ ಹೆಸರು. ಅದು ಕ್ರಮೇಣ ವಿದ್ವತ್ತಿನ ಗೌರವಸಂಘವಾಗಿ ಮಾರ್ಪಟ್ಟಿತು. ಈಗಿನ ಅರ್ಥದ ಫ್ರಟರ್ನಿಟಿಗಳು 1825ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಯೂನಿಯನ್ ಕಾಲೇಜಿನಲ್ಲಿ ಆರಂಭವಾದ ಕ್ಯಾಪ್ಪ ಆಲ್ಫ ಸಂಘದಿಂದ ಮೊದಲಾದುವು. ಹೆಂಗಸರ ಸಂಘಗಳಲ್ಲಿ ಮೊದಲನೆಯದು 1851ರಲ್ಲಿ ಜಾರ್ಜಿಯದ ಮೇಕನ್ ನಗರದ ಮಹಿಳಾ ಕಾಲೇಜಿನಲ್ಲಿ ಹುಟ್ಟಿದ ಅಡೆಲ್ಫಿಯನ್ ಸಂಘ. 1870ರಲ್ಲಿ ಸ್ಥಾಪಿತವಾದ ಕ್ಯಾಪ್ಪ ಆಲ್ಫ ಥೀಟಾ ಮೊದಲಾದವು ತಮ್ಮನ್ನು ಫ್ರಟರ್ನಿಟಿಗಳೆಂದೇ ಕರೆದುಕೊಂಡುವು, ಕೆಲವು ಈಗಲೂ ಹಾಗೆಯೇ ಕರೆದುಕೊಳ್ಳುತ್ತವೆ. ಸೊರಾರಿಟಿ ಎಂಬ ಶಬ್ದವನ್ನು ಹೆಂಗಸರ ಸಂಘಕ್ಕೆ 1882ರಲ್ಲಿ ಅನ್ವಯಿಸಿದವರು ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಲ್ಯಾಟಿನ್ ಪಂಡಿತರಾದ ಫ್ರಾಂಕ್ ಸ್ಮಾಲಿ ಎಂಬವರು. ಹೆಂಗಸರ ಗುಂಪಿಗೆ ಭ್ರಾತೃವಾಚಕವಾದ ಹೆಸರು ಅವರ ಕಿವಿಗೆ ಒಗ್ಗದೆ ಹೋದುದು ಸಹಜವೇ.

ಲ್ಯಾಟಿನ್ನಿನ ಫ್ರಾತೆರ್ ಎಂಬುದು ನಮ್ಮ ಭ್ರಾತೃ ಶಬ್ದದ ಜ್ಞಾತಿ. ಸೊರೋರ್ ಎಂಬುದು ಸ್ವಸೃ ಶಬ್ದದ ಜ್ಞಾತಿ. ಆದರೆ ಗ್ರೀಕ್ ಭಾಷೆಯಲ್ಲಿ ಒಂದು ವಿಶೇಷವುಂಟು. ಅಲ್ಲಿ ಭ್ರಾತೃವಿನ ಜ್ಞಾತಿಯಾದ ಫ್ರಾತೇರ್ ಎಂಬುದು ಒಡಹುಟ್ಟಿದವನನ್ನು ಬಿಟ್ಟು, ಒಂದು ಕುಲಸಂಘಕ್ಕೆ ಸೇರಿದವನನ್ನು ಹೇಳತೊಡಗಿತು. ಒಡಹುಟ್ಟಿದವನಿಗೆ ಅಡೆಲ್ಫೋಸ್ ಎಂಬ ಬೇರೊಂದು ಪದ ಬಂದಿತು. ಅದರ ಅವಯವಾರ್ಥ 'ಒಂದೇ ಗರ್ಭದವನು'; ಅಮರಸಿಂಹನು ಹೇಳುವ ಸಗರ್ಭ್ಯ, ಸೋದರ್ಯ ಶಬ್ದಗಳಿಗೂ ಕನ್ನಡದ ಒಡಹುಟ್ಟು ಎಂಬುದಕ್ಕೂ ಇದು ಸರಿಸಮ. ಆದ್ದರಿಂದ ಮೇಕನ್ನಿನ ಹುಡುಗಿಯರು ಸಂಘಕ್ಕೆ ಅಡೆಲ್ಫಿಯನ್ ಎಂದು ಹೆಸರಿಟ್ಟಾಗ ಹೆಚ್ಚು ಆಪ್ತವಾದ ಶಬ್ದವನ್ನೇ ಆರಿಸಿದರೆನ್ನಬೇಕು. ಒಡಹುಟ್ಟಿದವರಿಗೆ 'ಮಾಜಿ' ಎಂಬ ವಿಶೇಷಣವು ಹೊಂದುವುದಿಲ್ಲ. "ಆಕೆ ನನ್ನ ತಂಗಿಯಾಗಿದ್ದಳು" ಎಂಬ ವಾಕ್ಯವು ಮರಣವನ್ನೋ ಮಹಾವೈರವನ್ನೋ ಸೂಚಿಸುತ್ತದೆ. ಸಂಘವು ಬಂಧುವಾಚಕವನ್ನು ಹೆಸರಾಗಿ ಸ್ವೀಕರಿಸಿದಂದೇ ಭೂತಕಾಲವನ್ನು ಹೊರಗಿಟ್ಟಿತು.

ಬಂಧುತ್ವದ ಉಪಚಾರವು ಇಷ್ಟಕ್ಕೇ ನಿಲ್ಲುವುದಿಲ್ಲ. ಹೊಸದಾಗಿ ಸೇರಿದವಳಿಗೆ ಹಳಬಳೊಬ್ಬಳನ್ನು 'ದೊಡ್ಡ ಸೋದರಿ'ಯಾಗಿ ನೇಮಿಸುವುದುಂಟು. ಕನ್ನಡದಲ್ಲಿ ಅಕ್ಕ ಎಂದರೆ ತೀರಿತು. ಇಲ್ಲಿ ಹಿರಿತನವು ವಯಸ್ಸಿನಿಂದ ಬರುವುದಲ್ಲ, ಸೇರಿದ ದಿನದಿಂದ ಬರುವುದು. ಕೆಲವು ಸಂಘಗಳು ಕಾಲೇಜನ್ನು ಬಿಟ್ಟ ಮೇಲೆಯೂ ದೀಕ್ಷೆ ಕೊಡುವುದರಿಂದ, ಐವತ್ತು ವಯಸ್ಸಿನವಳು ಇಪ್ಪತ್ತರ ಹುಡುಗಿಗೆ ಕಿರಿಯಳಾಗುವುದು ಅಸಂಭವವಲ್ಲ. ಬೌದ್ಧಭಿಕ್ಷುಗಳಲ್ಲಿ ಉಪಸಂಪದೆಯಿಂದ ಜ್ಯೇಷ್ಠತೆಯನ್ನು ಎಣಿಸುವ ಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು.

ಇನ್ನು ವ್ಯಾಕರಣಕ್ಕೆ ಬರೋಣ. ಪೂರ್ವವಿದ್ಯಾರ್ಥಿಗಳ ಮಾತಿನಲ್ಲಿ ಎರಡು ವಾಕ್ಯರೀತಿಗಳು ಕಾಣುತ್ತವೆ. "ಕಾಲೇಜಿನಲ್ಲಿದ್ದಾಗ ನಾನು ಒಂದು ಫ್ರಟರ್ನಿಟಿಯಲ್ಲಿದ್ದೆ" ಎಂಬುದು ಒಂದು; "ನಾನು ಸಿಗ್ಮ ಕೈ" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸಂಘವು ಅಧಿಕರಣ, ಸಪ್ತಮಿಯಲ್ಲಿದೆ. ಊರಿನಲ್ಲಿದ್ದಂತೆ, ಮನೆಯಲ್ಲಿದ್ದಂತೆ, ಬಿಟ್ಟುಬಂದರೆ ಮುಗಿಯಿತು. ಎರಡನೆಯದರಲ್ಲಿ ಸಂಘದ ಹೆಸರೇ ಪ್ರಥಮೆಯಲ್ಲಿ ನಿಂತು ವ್ಯಕ್ತಿಯೊಡನೆ ಸಮಾನಾಧಿಕರಣವಾಗುತ್ತದೆ. ಆ ನಾಲ್ಕು ವರ್ಷಗಳನ್ನು ಊಟ, ವಸತಿ, ಗೆಳೆತನ, ಮೋಜುಗಳ ಕಾಲವೆಂದು ನೆನೆಯುವವರು ಬಹುಮಟ್ಟಿಗೆ ಸಪ್ತಮಿಯವರು. ತಿದ್ದುವವರೆಲ್ಲ ಪ್ರಥಮೆಯವರು. ಇವರ ಒಂದು ನುಡಿಗಟ್ಟು ಶ್ಲೇಷೆಯಿಂದ ಕೂಡಿದೆ: ಇಂಗ್ಲಿಷಿನಲ್ಲಿ ನಾಲ್ಕೆಂಬ ಸಂಖ್ಯೆಗೂ ಚತುರ್ಥಿಯ ಅರ್ಥವುಳ್ಳ ಅವ್ಯಯಕ್ಕೂ ಉಚ್ಚಾರಣೆ ಒಂದೇ ಆದುದರಿಂದ, ನಾಲ್ಕು ವರ್ಷಕ್ಕಲ್ಲ, ಬಾಳಿಗೇ ಎಂಬುದನ್ನು ಒಂದೇ ಧ್ವನಿಯಿಂದ ಹೇಳಿಬಿಡುತ್ತಾರೆ.

ಭೂತಕಾಲದ ಕ್ರಿಯೆಯಿಂದ ವರ್ತಮಾನದ ಪದವಿ ಉಂಟಾಗುವುದು ಸಂಸ್ಕೃತಜ್ಞರಿಗೆ ಹೊಸದಲ್ಲ. ಅಗ್ನಿಷ್ಟೋಮಯಾಜಿ ಎಂಬ ಶಬ್ದವನ್ನು ಪಾಣಿನಿಯು ಭೂತಾರ್ಥದಲ್ಲಿಯೇ ಸಾಧಿಸಿದ್ದಾನೆ. ಅಗ್ನಿಷ್ಟೋಮದಿಂದ ಯಾಗ ಮಾಡಿದವನು ಎಂದರ್ಥ. ಯಾಗವು ಮುಗಿದುಹೋದರೂ ಆತನು ಸಾಯುವವರೆಗೂ ಯಾಜಿಯೇ. ದೀಕ್ಷಿತ, ಸ್ನಾತಕ ಶಬ್ದಗಳ ಗತಿಯೂ ಇದೇ. ಸೋಮಯಾಜಿ, ದೀಕ್ಷಿತ ಎಂಬುವು ಕನ್ನಡನಾಡಿನಲ್ಲಿ ಮನೆತನದ ಹೆಸರುಗಳೇ ಆಗಿ, ಯಾಗಶಾಲೆಯನ್ನು ಕಾಣದ ಮೊಮ್ಮಕ್ಕಳಿಗೂ ಅಂಟಿಕೊಂಡಿವೆ. ಅಮೆರಿಕದ ಸಂಘಗಳಲ್ಲಿಯೂ ಪ್ರವೇಶವು ರಹಸ್ಯವಿಧಿಯುಳ್ಳ ದೀಕ್ಷೆಯಿಂದಲೇ ಆಗುವುದೆಂಬುದನ್ನು ನೆನೆದರೆ, "ಆಗಿದ್ದೇನೆ" ಎಂಬ ತಿದ್ದುಪಡಿಯು ಬರಿಯ ಹಠವಲ್ಲವೆಂದು ತೋರುತ್ತದೆ. ಕಮಲಾ ಹ್ಯಾರಿಸ್ ಅವರು 1986ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಲ್ಫ ಕ್ಯಾಪ್ಪ ಆಲ್ಫ ಸಂಘವನ್ನು ಸೇರಿದರು. 2021ರಿಂದ 2025ರವರೆಗೆ ಅವರು ಉಪರಾಷ್ಟ್ರಾಧ್ಯಕ್ಷರು ಆಗಿದ್ದರು. ಆ ಸಂಘದ ಸೋದರಿ ಆಗಿದ್ದಾರೆ. ರಾಷ್ಟ್ರದ ಪದವಿಗೆ ಭೂತಕಾಲವುಂಟು, ಸಂಘದ ಪದವಿಗೆ ಇಲ್ಲ.

ಈ ಉದಾಹರಣೆಯು ಆಫ್ರಿಕ ಮೂಲದ ಅಮೆರಿಕನ್ನರ ಸಂಘಗಳಿಂದ ಬಂದುದು ಆಕಸ್ಮಿಕವಲ್ಲ. ವರ್ತಮಾನಕಾಲಕ್ಕೆ ನಿಜವಾದ ತಿರುಳು ದೊರೆಯುವುದು ಅಲ್ಲಿಯೇ. ಬಿಳಿಯರ ಸಂಘಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದ ಏಳು ಮಂದಿ ವಿದ್ಯಾರ್ಥಿಗಳು ಆಲ್ಫ ಫೈ ಆಲ್ಫವನ್ನು ಸ್ಥಾಪಿಸಿದರು. 1908ರಲ್ಲಿ ಹೋವರ್ಡಿನಲ್ಲಿ ಆಲ್ಫ ಕ್ಯಾಪ್ಪ ಆಲ್ಫವೂ 1913ರಲ್ಲಿ ಅಲ್ಲಿಯೇ ಡೆಲ್ಟ ಸಿಗ್ಮ ಥೀಟಾವೂ ಹುಟ್ಟಿದುವು. ಪದವಿ ಪಡೆದು ಹೊರಬಂದ ಅಧ್ಯಾಪಕಿಗೆ, ವೈದ್ಯೆಗೆ, ವಕೀಲನಿಗೆ ಊರಿನ ಬಿಳಿಯರ ಸಭೆಗಳಲ್ಲಿ ಸ್ಥಾನವಿರಲಿಲ್ಲ. ಆದುದರಿಂದ ಪದವೀಧರರ ಶಾಖೆಗಳೇ ಅವರ ಪೌರಸಭೆಯಾದುವು. 1935ರಿಂದ ಕೆಲವು ವರ್ಷಗಳ ಕಾಲ ಬೇಸಗೆಯಲ್ಲಿ ಮಿಸಿಸಿಪಿಯ ಬಡ ಕೂಲಿಕಾರರಿಗೆ ಔಷಧೋಪಚಾರ ಮಾಡಿಸಿದವರು ಆಲ್ಫ ಕ್ಯಾಪ್ಪ ಆಲ್ಫದ ವೈದ್ಯೆ ಡೊರೊಥಿ ಫೆರಿಬಿ ಮತ್ತು ಅವರ ಸಂಗಡಿಗರು. ವಿದ್ಯಾರ್ಥಿನಿಯರಲ್ಲ, ದುಡಿಯುವ ಹೆಂಗಸರು. ಮಾರ್ಟಿನ್ ಲೂಥರ್ ಕಿಂಗ್ ಅವರು ಆಲ್ಫ ಫೈ ಆಲ್ಫವನ್ನು ಸೇರಿದುದು ಮೊದಲ ಪದವಿಯನ್ನು ಪಡೆದಾದ ಮೇಲೆ, 1952ರಲ್ಲಿ. ಇಂತಹವರನ್ನು "ಸದಸ್ಯರಾಗಿದ್ದಿರಾ?" ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ, ಏಕೆಂದರೆ ಕೆಲಸವು ಮುಗಿದಿಲ್ಲ.

ಈ ಸಂಘಗಳ ಹೆಂಗಸರು ಪರಸ್ಪರ ಸಂಬೋಧಿಸುವುದು ಸೊರೋರ್ ಎಂಬ ಶುದ್ಧ ಲ್ಯಾಟಿನ್ ಪದದಿಂದ. ಹೊರಗಿನವರು ಅದನ್ನು ಬಳಸಿದರೆ ಮುಖ ಬಿಗಿಯಾಗುವುದುಂಟು. ಹೊಸಬರಿಗೆ ನಿಯೊಫೈಟ್ ಎಂದು ಹೆಸರು. ಗ್ರೀಕಿನಲ್ಲಿ ಹೊಸದಾಗಿ ನೆಟ್ಟ ಗಿಡ. ಫ್ರಟರ್ನಿಟಿ ಎಂಬುದನ್ನು ಫ್ರಾಟ್ ಎಂದು ಮೊಟಕುಮಾಡುವುದು ಬಿಳಿಯರ ಸಂಘಗಳ ಹಿರಿಯರಿಗೆ ಅಪ್ರಿಯ; ಕರಿಯರ ಸಂಘಗಳಲ್ಲಿ ಅದೇ ಮೊಟಕುಪದ ಅಣ್ಣತಮ್ಮಂದಿರ ಅಕ್ಕರೆಯ ಕರೆ. ಅಲ್ಲಿ ವಾರ್ಷಿಕ ವಂತಿಗೆಯನ್ನು ಸಲ್ಲಿಸಿದವರು 'ಫೈನಾನ್ಷಿಯಲ್' ಎನಿಸುತ್ತಾರೆ. ಸಲ್ಲಿಸದವರು ಸೋದರತ್ವವನ್ನು ಕಳೆದುಕೊಳ್ಳುವುದಿಲ್ಲ. ಮತದಾನಾದಿ ಹಕ್ಕುಗಳು ಮಾತ್ರ ನಿಲ್ಲುತ್ತವೆ. ಹೀಗೆ 'ಇರುವಿಕೆ'ಯನ್ನು 'ನಡೆಯುವಿಕೆ'ಯಿಂದ ಬೇರ್ಪಡಿಸಿರುವುದು ಸೂಕ್ಷ್ಮವಾದ ವಿವೇಕವೇ ಸರಿ.

ಶಾಖೆಯೇ ಅಳಿದುಹೋದಾಗಲೂ ವ್ಯಕ್ತಿಯ ಸದಸ್ಯತ್ವವು ಅಳಿಯುವುದಿಲ್ಲ. ಆಮ್ಹರ್ಸ್ಟ್ ಕಾಲೇಜು 1984ರಲ್ಲಿ ಫ್ರಟರ್ನಿಟಿಗಳನ್ನು ತೆಗೆದುಹಾಕಿತು. ಅಲ್ಲಿ ಅದಕ್ಕೆ ಮೊದಲು ಮೂಲಸಂಘದ ದೀಕ್ಷೆ ಪಡೆದವನು "ಶಾಖೆ ಇತ್ತು, ನಾನು ಇದ್ದೇನೆ" ಎನ್ನಬಹುದು. ಮರಣವೂ ಭೂತಕಾಲಕ್ಕೆ ಪೂರ್ತಿ ಎಡೆಗೊಡುವುದಿಲ್ಲ. ತೀರಿಕೊಂಡವರು ಸಿಗ್ಮ ಕೈ ಸಂಘದಲ್ಲಿ ಶಾಶ್ವತ ಶಾಖೆಗೂ, ಆಲ್ಫ ಫೈ ಆಲ್ಫದಲ್ಲಿ ವರ್ಣಮಾಲೆಯ ಕಡೆಯ ಅಕ್ಷರದ ಹೆಸರುಳ್ಳ ಒಮೆಗ ಶಾಖೆಗೂ ಸೇರಿದರೆಂದು ಹೇಳುತ್ತಾರೆ. ಶಾಖೆ ಬದಲಾಯಿತೇ ಹೊರತು ಸದಸ್ಯತ್ವವಲ್ಲ.

ಹಾಗಾದರೆ "ಆಗಿದ್ದೆ" ಎಂದು ಬೇಕೆಂದೇ ಹೇಳುವವರಿಲ್ಲವೇ? ಉಂಟು, ಅವರ ಮಾತನ್ನು ಕಡೆಗಣಿಸಲಾಗದು. ಹೊಸಬರನ್ನು ಹಿಂಸಿಸುವ ದುಷ್ಟ ಪದ್ಧತಿಯಿಂದ ಪ್ರಾಣಗಳೇ ಹೋಗಿವೆ. 2017ರಲ್ಲಿ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನಡೆದ ವಿದ್ಯಾರ್ಥಿಯ ಸಾವು ದೇಶವನ್ನೇ ಕಲಕಿತು. 2024ರ ಡಿಸೆಂಬರಿನಲ್ಲಿ ಈ ಪೀಡೆಯ ವಿಷಯವಾಗಿ ರಾಷ್ಟ್ರೀಯ ಶಾಸನವೂ ಬಂದಿತು. 2020ರಲ್ಲಿ ವ್ಯಾಂಡರ್‌ಬಿಲ್ಟ್ ಮೊದಲಾದೆಡೆ ಅನೇಕರು ವರ್ಣಭೇದವನ್ನೂ ಧನಮದವನ್ನೂ ಆಕ್ಷೇಪಿಸಿ ತಮ್ಮ ಸಂಘಗಳನ್ನು ತ್ಯಜಿಸಿದರು. ಇಂತಹವರ ಬಾಯಲ್ಲಿ ಭೂತಕಾಲವು ಕಾಲವಾಚಿಯಲ್ಲ, ತ್ಯಾಗವಾಚಿ. ವರ್ತಮಾನಕ್ಕೆ ಅಂಟಿಕೊಳ್ಳುವವರ ಒತ್ತಾಯದಿಂದಲೇ "ಆಗಿದ್ದೆ" ಎಂಬ ಸಾಧಾರಣ ರೂಪಕ್ಕೆ ಇಷ್ಟು ತೀಕ್ಷ್ಣತೆ ಬಂದಿದೆ. ಬರಿಯ ಕಾಲಗಣನೆಯಿಂದ ಹಾಗೆನ್ನುವವನಿಗೂ ತ್ಯಜಿಸಿ ಹಾಗೆನ್ನುವವನಿಗೂ ರೂಪವೊಂದೇ. ಕೇಳುವವನು ಸಂದರ್ಭದಿಂದ ಅರಿಯಬೇಕು.

ಈ ವಾಕ್ಯಗಳನ್ನು ಕನ್ನಡಿಸುವವರಿಗೆ ಒಂದು ತೊಡಕಿದೆ. ಕನ್ನಡದ ನಾಮವಾಕ್ಯಕ್ಕೆ ಕ್ರಿಯಾಪದವೇ ಬೇಡ. "ಆಕೆ ಥೀಟಾದವಳು" ಎಂದರೆ ಸಾಕು. ಅಲ್ಲಿ ಕಾಲಸೂಚನೆಯೇ ಇಲ್ಲ. ಇಂಗ್ಲಿಷಿನಲ್ಲಿ ಸದಸ್ಯೆಯು ತಿದ್ದಿ ಪಡೆಯಬೇಕಾದುದನ್ನು ಕನ್ನಡವು ಕೇಳದೆಯೇ ಕೊಟ್ಟುಬಿಡುತ್ತದೆ. ಅದರೊಡನೆ ತ್ಯಜಿಸಿದವಳ ಪ್ರತಿಭಟನೆಯನ್ನೂ ನುಂಗಿಬಿಡುತ್ತದೆ. ಆಕೆಯ ಮಾತಿಗೆ "ಆಗಿದ್ದೆ, ಈಗಲ್ಲ" ಎಂದು ಎರಡು ಪದಗಳನ್ನು ಬಿಡಿಸಿ ಹೇಳದೆ ಗತಿಯಿಲ್ಲ.